ಮೇಲಿನಿಂದ ಕಂಡ ಬಂದರು: ಪರ್ಲ್ ಹಾರ್ಬರಿನ ವಿಮಾನಚಿತ್ರಗಳನ್ನು ಓದುವ ಬಗೆ

ಮೊದಲು ಚಿತ್ರವನ್ನು ನೋಡೋಣ. ಕಪ್ಪು-ಬಿಳುಪಿನ ಚಿತ್ರ. ನಡುವೆ ನೀರು ಸುತ್ತುವರಿದ ಒಂದು ಚಪ್ಪಟೆ ದ್ವೀಪ. ದ್ವೀಪದ ಆಚೆ ದಂಡೆಯ ಉದ್ದಕ್ಕೂ ಯುದ್ಧನೌಕೆಗಳು ಒಂದರ ಹಿಂದೆ ಒಂದು, ಕೆಲವೆಡೆ ಜೋಡಿಯಾಗಿ, ಲಂಗರು ಹಾಕಿ ನಿಂತಿವೆ. ಒಂದು ನೌಕೆಯ ಬದಿಯಲ್ಲಿ ನೀರು ಬೆಳ್ಳಗೆ ಕಂಬದಂತೆ ಎದ್ದಿದೆ. ಅದರ ಸುತ್ತ ಅಲೆಗಳು ಉಂಗುರ ಉಂಗುರವಾಗಿ ಹರಡುತ್ತಿವೆ, ಕೆರೆಗೆ ಯಾರೋ ಕಲ್ಲೆಸೆದ ಹಾಗೆ. ಕಣ್ಣು ಸಣ್ಣಗೆ ಮಾಡಿ ನೋಡಿದರೆ ದ್ವೀಪದ ಮೇಲೆ ಒಂದು ವಿಮಾನ ಕಾಣುತ್ತದೆ. ಮನುಷ್ಯರು ಎಲ್ಲೂ ಕಾಣುವುದಿಲ್ಲ.

ಇದು 1941ರ ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಆಸುಪಾಸಿನಲ್ಲಿ ಜಪಾನಿನ ನೌಕಾಪಡೆಯ ವಿಮಾನವೊಂದರಿಂದ ತೆಗೆದ ಚಿತ್ರ. ದ್ವೀಪದ ಹೆಸರು ಫೋರ್ಡ್ ಐಲೆಂಡ್, ಬಂದರು ಹವಾಯಿಯ ಪರ್ಲ್ ಹಾರ್ಬರ್. ನೀರಿನ ಕಂಬ ಎದ್ದಿರುವುದು ವೆಸ್ಟ್ ವರ್ಜೀನಿಯಾ ಎಂಬ ನೌಕೆಗೆ ಟಾರ್ಪಿಡೊ ಬಡಿದಾಗ. ಪಕ್ಕದ ಒಕ್ಲಹಾಮಾ ಆಗಲೇ ಏಟು ತಿಂದು ವಾಲತೊಡಗಿದೆ. ದ್ವೀಪದ ಈಚೆ ಬದಿಯಲ್ಲಿ ಯೂಟಾ ಮಗುಚುವ ಹಂತದಲ್ಲಿದೆ. ಸಾಲಿನ ಎಡಭಾಗದಲ್ಲಿ ಅರಿಜೋನಾ ಇನ್ನೂ ನೆಟ್ಟಗೆ ನಿಂತಿದೆ.

ಪದವಿ ವಿದ್ಯಾರ್ಥಿಗಳಿಗೆ ಒಮ್ಮೆ ಈ ಚಿತ್ರ ತೋರಿಸಿದೆ. ಯುದ್ಧ ಮತ್ತು ಛಾಯಾಚಿತ್ರ ಎಂಬ ವಿಷಯದ ಮೇಲೆ ಒಂದು ಗಂಟೆಯ ತರಗತಿ. ಹಿನ್ನೆಲೆ ಹೇಳದೆ, "ಏನು ಕಾಣುತ್ತದೆ?" ಎಂದು ಕೇಳಿದೆ. "ಗೇಮ್‌ನ ಸ್ಕ್ರೀನ್‌ಶಾಟ್ ಥರ ಇದೆಯಲ್ಲ ಮೇಡಂ" ಎಂದ ಒಬ್ಬ ಹುಡುಗ. ಇನ್ನೊಬ್ಬಳು ಹಡಗುಗಳನ್ನು ಎಣಿಸತೊಡಗಿದಳು. ಅವರನ್ನು ತಿದ್ದಲು ಹೊರಟು ನಾನೇ ಸುಮ್ಮನಾದೆ. ಈ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೂ ಅನ್ನಿಸಿದ್ದು 'ಎಷ್ಟು ಚೆನ್ನಾಗಿದೆ' ಎಂದೇ. ಚೌಕಟ್ಟು ಅಚ್ಚುಕಟ್ಟು, ಬೆಳಕು ಸರಿಯಾಗಿದೆ, ನೀರಿನ ಮೇಲಿನ ಉಂಗುರಗಳು ಕಣ್ಣಿಗೆ ಹಿತವಾಗಿವೆ. ಚಿತ್ರ ತೆಗೆದ ಆ ಗಳಿಗೆಯಲ್ಲಿ ಅರಿಜೋನಾದ ಒಳಗೆ ಮುಂದಿನ ಹದಿನೈದು ಇಪ್ಪತ್ತು ನಿಮಿಷದೊಳಗೆ ಸಾಯಲಿದ್ದ 1,177 ಜನ ಇದ್ದರು ಎಂಬುದು ತಿಳಿದ ಮೇಲೂ ಆ ಮೊದಲ ಮೆಚ್ಚುಗೆ ಪೂರ್ತಿ ಅಳಿಸಿಹೋಗಲಿಲ್ಲ.

ಆ ಮೆಚ್ಚುಗೆ ಎಲ್ಲಿಂದ ಬರುತ್ತದೆ? ಒಂದು ದಾಳಿಯನ್ನು ದಾಳಿ ಮಾಡಿದ ವಿಮಾನದ ಕಣ್ಣಿನಿಂದಲೇ ನೆನಪಿಟ್ಟುಕೊಂಡರೆ ನಮ್ಮ ನೆನಪಿಗೆ ಏನಾಗುತ್ತದೆ? ಈ ಬರಹ ಕೇಳಹೊರಟಿರುವುದು ಇಷ್ಟನ್ನೇ.

ಮೂಲೆಯಲ್ಲಿರುವ ಸಾಲು

ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಜಪಾನಿ ಲಿಪಿಯಲ್ಲಿ ಒಂದು ಸಾಲಿದೆ. ನೌಕಾ ಸಚಿವಾಲಯದ ಅನುಮತಿಯ ಮೇರೆಗೆ ಇದನ್ನು ಮುದ್ರಿಸಲಾಗಿದೆ ಎಂಬುದು ಅದರ ತಾತ್ಪರ್ಯ. ಈ ಸಣ್ಣ ಸಾಲು ಚಿತ್ರದ ಮೊದಲ ಜನ್ಮವನ್ನು ಹೇಳುತ್ತದೆ. ಇದು ಸಾಕ್ಷಿಯಾಗಿ ಅಲ್ಲ, ವರದಿಯಾಗಿ ಹುಟ್ಟಿದ ಚಿತ್ರ. ಎಷ್ಟು ಹಾನಿಯಾಯಿತು ಎಂದು ಮೇಲಧಿಕಾರಿಗಳಿಗೆ ತಿಳಿಸುವುದು ಮಿಲಿಟರಿ ವಿಮಾನದ ಕ್ಯಾಮೆರಾದ ಕೆಲಸ. ಅದು ಬಾಂಬಿನ ಜೊತೆಗೇ ಹೋಗಿ ಬರುವ ಉಪಕರಣ. ಆಮೇಲೆ ಸಚಿವಾಲಯ ಒಪ್ಪಿದಾಗ ಅದೇ ವರದಿ ಪ್ರಜೆಗಳಿಗೆ ವಿಜಯದ ಚಿತ್ರವಾಯಿತು.

ಯುದ್ಧ ಮುಗಿದ ಮೇಲೆ ಚಿತ್ರ ಕೈ ಬದಲಿಸಿತು. ಈಗ ಅದು ಇರುವುದು ಅಮೆರಿಕದ ನೌಕಾಪಡೆಯ ಇತಿಹಾಸ ವಿಭಾಗದ ಸಂಗ್ರಹದಲ್ಲಿ. ಅಲ್ಲಿಂದ ಪಠ್ಯಪುಸ್ತಕಗಳಿಗೆ, ಸಾಕ್ಷ್ಯಚಿತ್ರಗಳಿಗೆ, ಪ್ರತಿ ಡಿಸೆಂಬರಿನ ಸ್ಮರಣೆ ಲೇಖನಗಳಿಗೆ ಹೋಗುತ್ತದೆ. ಒಂದು ಕಾಲಕ್ಕೆ 'ನೋಡಿ, ನಾವು ಗೆದ್ದೆವು' ಎಂದ ಚಿತ್ರ ಈಗ 'ನೋಡಿ, ನಮಗೆ ಹೀಗಾಯಿತು' ಎನ್ನುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ. ಬದಲಾಗಿರುವುದು ಕೆಳಗಿನ ಬರಹ ಮಾತ್ರ. ಮೂಲೆಯ ಆ ಸಾಲನ್ನು ಕತ್ತರಿಸಿ ಅಚ್ಚು ಹಾಕಿದರೆ, ಈ ನೋಟ ಯಾರದು ಎಂದು ಹೇಳುವ ಒಂದೇ ಗುರುತೂ ಹೋಗುತ್ತದೆ. ಆಗ ಅದು ಯಾರ ಕಣ್ಣೂ ಅಲ್ಲದ, ಆಕಾಶವೇ ನೋಡಿದ ನೋಟದಂತೆ ತೋರುತ್ತದೆ. ವಿಮಾನಚಿತ್ರದ ದೊಡ್ಡ ಮೋಸ ಇದೇ ಎಂದು ನನ್ನ ಭಾವನೆ. ಎತ್ತರವನ್ನು ನಾವು ನಿಷ್ಪಕ್ಷಪಾತ ಎಂದು ತಪ್ಪು ತಿಳಿಯುತ್ತೇವೆ.

ಹಾಗೆಂದು ಚಿತ್ರ ತೆಗೆದವನ ಉದ್ದೇಶಕ್ಕೆ ಚಿತ್ರ ಪೂರ್ತಿ ಅಧೀನವಲ್ಲ. ಹಿನ್ನೆಲೆಯಲ್ಲಿ, ಬಲಕ್ಕೆ ಸರಿದಂತೆ, ದುಂಡಗಿನ ತೈಲ ಟ್ಯಾಂಕುಗಳ ಸಾಲು ಕಾಣುತ್ತದೆ. ಅಲ್ಲಿ ಆಗ ಸುಮಾರು 45 ಲಕ್ಷ ಬ್ಯಾರೆಲ್ ತೈಲ ಸಂಗ್ರಹವಿತ್ತು. ಆರು ವಿಮಾನವಾಹಕ ನೌಕೆಗಳಿಂದ ಎರಡು ಅಲೆಗಳಲ್ಲಿ ಬಂದ ಸುಮಾರು 350 ವಿಮಾನಗಳು ಆ ಟ್ಯಾಂಕುಗಳನ್ನು ಮುಟ್ಟದೆ ಹೋದವು. ಅಮೆರಿಕದ ವಿಮಾನವಾಹಕ ನೌಕೆಗಳಂತೂ ಚಿತ್ರದಲ್ಲೇ ಇಲ್ಲ, ಆ ದಿನ ಒಂದೂ ಬಂದರಿನಲ್ಲಿರಲಿಲ್ಲ. ಪೆಸಿಫಿಕ್ ಯುದ್ಧದ ಮುಂದಿನ ಗತಿಯನ್ನು ನಿರ್ಧರಿಸಿದ ಎರಡು ಸಂಗತಿಗಳು ಇವೇ: ಇದ್ದೂ ಉಳಿದ ತೈಲ, ಇಲ್ಲದೇ ಉಳಿದ ನೌಕೆಗಳು. ವಿಜಯವನ್ನು ಸಾರಲು ಹೊರಟ ಚಿತ್ರ ತನಗೆ ಗೊತ್ತಿಲ್ಲದೆ ಸೋಲಿನ ಬೀಜವನ್ನೂ ದಾಖಲಿಸಿದೆ. ಚಿತ್ರವನ್ನು ಓದುವುದು ಎಂದರೆ ಇದೇ ತಾನೆ? ಅದು ತೋರಿಸಲು ಬಯಸಿದ್ದನ್ನು ದಾಟಿ, ಅದು ತೋರಿಸದೇ ಇರಲಾಗದ್ದನ್ನು ನೋಡುವುದು.

ಸಾಲಾಗಿ ನಿಲ್ಲಿಸಿದ ವಿಮಾನಗಳು

ಇನ್ನೊಂದು ಚಿತ್ರಕ್ಕೆ ಬರೋಣ. ಇದೂ ಜಪಾನಿ ವಿಮಾನದಿಂದ ತೆಗೆದದ್ದೇ. ಓವಾಹು ದ್ವೀಪದ ನಡುವಿನ ವೀಲರ್ ಫೀಲ್ಡ್ ಎಂಬ ಸೇನಾ ವಿಮಾನನಿಲ್ದಾಣ ಉರಿಯುತ್ತಿದೆ. ಹ್ಯಾಂಗರುಗಳಿಂದಲೂ ನಿಂತ ವಿಮಾನಗಳಿಂದಲೂ ಹೊಗೆ ಏಳುತ್ತಿದೆ. ದಾಳಿಯ ನಂತರ ನೆಲದ ಮೇಲೆ ನಿಂತು ಅಮೆರಿಕನ್ನರು ತೆಗೆದ ಚಿತ್ರಗಳಲ್ಲಿ ಅದೇ ನಿಲ್ದಾಣದ ಸುಟ್ಟ ಪಿ-40 ಯುದ್ಧವಿಮಾನಗಳು ಕಾಣುತ್ತವೆ.

ಆ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಏಕೆ ನಿಂತಿದ್ದವು? ಮೇಲಿನಿಂದ ಬರುವ ದಾಳಿಗೆ ಇದಕ್ಕಿಂತ ಸುಲಭದ ಗುರಿ ಬೇರೆ ಇರಲಿಲ್ಲ. ಕಾರಣ ಸರಳ: ಹವಾಯಿಯ ಸೇನಾಧಿಪತಿ ವಾಲ್ಟರ್ ಶಾರ್ಟ್ ಹೆದರಿದ್ದು ಆಕಾಶಕ್ಕಲ್ಲ, ಊರಿನ ಜನಕ್ಕೆ. ಹವಾಯಿಯ ಜನಸಂಖ್ಯೆಯಲ್ಲಿ ಆಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಜಪಾನಿ ಮೂಲದವರು. ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದವರು, ಅವರ ಮಕ್ಕಳು. ಅವರಲ್ಲಿ ಯಾರಾದರೂ ರಾತ್ರಿ ನುಸುಳಿ ವಿಮಾನಗಳನ್ನು ಹಾಳುಮಾಡಿಯಾರು ಎಂಬ ಅನುಮಾನದಿಂದ, ಕಾವಲು ಕಾಯಲು ಅನುಕೂಲವಾಗಲಿ ಎಂದು ವಿಮಾನಗಳನ್ನು ಒಂದೆಡೆ ಗುಂಪುಗೂಡಿಸಲಾಗಿತ್ತು. ಅಂಥ ವಿಧ್ವಂಸಕ ಕೃತ್ಯ ಒಂದೂ ಸಾಬೀತಾಗಲಿಲ್ಲ. ನೆರೆಯವರ ಮೇಲಿನ ಅನುಮಾನವೇ ಶತ್ರುವಿನ ಕೆಲಸವನ್ನು ಹಗುರ ಮಾಡಿಕೊಟ್ಟಿತು.

ವೀಲರ್ ಫೀಲ್ಡಿನ ಚಿತ್ರವನ್ನು ಮುಂದಿನ ಚರಿತ್ರೆಯ ಜೊತೆಗಿಟ್ಟು ನೋಡಬೇಕು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶದ ಫಲವಾಗಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ವಿಮಾನಗಳನ್ನು ಸಾಲಾಗಿ ನಿಲ್ಲಿಸಿದ ತರ್ಕವೇ ಜನರನ್ನೂ ಸಾಲಾಗಿ ನಿಲ್ಲಿಸಿತು. ಆ ಜನರಿಂದ ಮೊದಲು ಕಿತ್ತುಕೊಂಡ ವಸ್ತುಗಳಲ್ಲಿ ಕ್ಯಾಮೆರಾ ಕೂಡ ಒಂದು. ಲಾಸ್ ಏಂಜಲಿಸ್‌ನ ಛಾಯಾಗ್ರಾಹಕ ತೊಯೊ ಮಿಯಾತಾಕೆ ಮಾಂಜನಾರ್ ಶಿಬಿರದೊಳಕ್ಕೆ ಒಂದು ಲೆನ್ಸನ್ನು ಕದ್ದು ಸಾಗಿಸಿ, ಮರದ ಪೆಟ್ಟಿಗೆಯೊಂದನ್ನು ಕ್ಯಾಮೆರಾ ಮಾಡಿಕೊಂಡು ಒಳಗಿನ ಬದುಕಿನ ಚಿತ್ರ ತೆಗೆದರು. ಆಕಾಶದಲ್ಲಿ ಹಾರುವ ಕ್ಯಾಮೆರಾಕ್ಕೆ ಸಚಿವಾಲಯದ ಮೊಹರು ಇತ್ತು, ನೆಲದ ಮೇಲಿನ ಕ್ಯಾಮೆರಾ ಅಪರಾಧವಾಗಿತ್ತು. ಯುದ್ಧದ ನೆನಪು ಯಾರ ಚಿತ್ರಗಳಿಂದ ಕಟ್ಟಿದ್ದು ಎಂದು ಕೇಳುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ನೋಡಿದರೂ ಕಾಣದ್ದು

ಆ ಬೆಳಿಗ್ಗೆಯ ಮೂರನೇ ಬಗೆಯ ಚಿತ್ರವೂ ಒಂದಿದೆ. ಅದು ದಾಳಿಕೋರನದ್ದಲ್ಲ, ನೆಲದ ಮೇಲಿದ್ದವನದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಹ್ಯಾಮಿಲ್ಟನ್ ಫೀಲ್ಡಿನಿಂದ ಹೊರಟ ಹನ್ನೆರಡು ಬಿ-17 ಬಾಂಬರ್‌ಗಳು ಫಿಲಿಪೀನ್ಸ್‌ಗೆ ಹೋಗುವ ದಾರಿಯಲ್ಲಿ ಹವಾಯಿಯಲ್ಲಿ ಇಳಿಯಬೇಕಿತ್ತು. ಇಳಿಯುವ ಹೊತ್ತಿಗೇ ದಾಳಿ ನಡೆದಿತ್ತು. ದೂರದ ಹಾರಾಟಕ್ಕೆ ಭಾರ ಕಡಿಮೆ ಮಾಡಲೆಂದು ಅವು ಗುಂಡುಗಳಿಲ್ಲದೆ ಬಂದಿದ್ದವು. ಅವುಗಳಲ್ಲೊಂದರಲ್ಲಿದ್ದ ಲೀ ಎಂಬ್ರಿ ಎಂಬ ಸೇನಾ ಛಾಯಾಗ್ರಾಹಕ ತನ್ನ ಕ್ಯಾಮೆರಾ ತೆಗೆದು ಪಕ್ಕದಲ್ಲಿ ಹಾರುತ್ತಿದ್ದ ವಿಮಾನಗಳ ಚಿತ್ರ ತೆಗೆದ. ಅವು ಜಪಾನಿನ ಡೈವ್ ಬಾಂಬರ್‌ಗಳು. ಬಂದೂಕಿನ ಬದಲು ಕ್ಯಾಮೆರಾ ಹಿಡಿದವನ ಕಣ್ಣಿಗೆ ಬಿದ್ದ ಈ ಚಿತ್ರಗಳಲ್ಲಿ ಆಕಾಶ ಶಾಂತವಾಗಿದೆ. ವಿಮಾನಗಳು ಸುಮ್ಮನೆ ಹಾರುತ್ತಿರುವಂತಿವೆ. ಚಿತ್ರ ಏನೆಂದು ನಮಗೆ ಹೇಳುವುದು ದಿನಾಂಕ ಮಾತ್ರ.

ಅದಕ್ಕೂ ಒಂದು ಗಂಟೆ ಮುಂಚೆ ಇನ್ನೊಂದು ಬಗೆಯ ಚಿತ್ರ ಮೂಡಿತ್ತು. ಓವಾಹುವಿನ ಉತ್ತರ ತುದಿಯ ಒಪಾನಾದಲ್ಲಿದ್ದ ರೇಡಾರ್ ಪರದೆಯ ಮೇಲೆ 7 ಗಂಟೆ 2 ನಿಮಿಷಕ್ಕೆ ದೊಡ್ಡದೊಂದು ಗುರುತು ಕಂಡಿತು. ಅಲ್ಲಿದ್ದ ಇಬ್ಬರು ಸೈನಿಕರು ಅದನ್ನು ಮೇಲಿನವರಿಗೆ ತಿಳಿಸಿದರು. ಫೋನಿನ ಇನ್ನೊಂದು ತುದಿಯಲ್ಲಿದ್ದ ಅಧಿಕಾರಿ, ಬರಬೇಕಾಗಿದ್ದ ಆ ಬಿ-17ಗಳೇ ಇರಬೇಕೆಂದು ಎಣಿಸಿ, ಚಿಂತೆ ಬೇಡ ಎಂದ. ಚಿತ್ರ ಇತ್ತು, ನೋಡಿದವರಿದ್ದರು, ವರದಿಯೂ ಹೋಯಿತು. ತಪ್ಪಿದ್ದು ಓದಿನಲ್ಲಿ. ತಾಂತ್ರಿಕ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದು ಕೊಡುವುದು ಚುಕ್ಕೆಗಳನ್ನು ಮಾತ್ರ. ಚುಕ್ಕೆಗೆ ಅರ್ಥ ಕೊಡುವುದು ನಾವು ಮೊದಲೇ ನಂಬಿಕೊಂಡಿರುವ ಸಂಗತಿ.

ನೆಲದ ನೋಟ, ಕಲ್ಲಿನ ನೆನಪು

ಫೋರ್ಡ್ ಐಲೆಂಡಿನ ಜಲವಿಮಾನ ನೆಲೆಯಲ್ಲಿ ನೆಲದ ಮೇಲಿಂದ ತೆಗೆದ ಒಂದು ಚಿತ್ರ ಇದೆ. ಮುಂದೆ ಮುರಿದ ವಿಮಾನಗಳು, ಚೆಲ್ಲಾಪಿಲ್ಲಿಯಾದ ಅವಶೇಷ. ನಡುನಡುವೆ ನಿಂತ ನಾವಿಕರು. ದೂರದಲ್ಲಿ ಶಾ ಎಂಬ ನೌಕೆಯ ಮದ್ದಿನ ಕೋಣೆ ಸ್ಫೋಟಿಸಿ ಬೆಂಕಿಯ ಉಂಡೆ ಮೇಲೇಳುತ್ತಿದೆ. ನಾವಿಕರು ಅದನ್ನು ನೋಡುತ್ತಿದ್ದಾರೆ, ಹಾಗಾಗಿ ಅವರ ಬೆನ್ನು ನಮ್ಮ ಕಡೆಗಿದೆ.

ಮೇಲಿನ ಚಿತ್ರಕ್ಕೂ ಇದಕ್ಕೂ ಇರುವ ಅಂತರ ಬರೀ ದೂರದ್ದಲ್ಲ. ಮೇಲಿನಿಂದ ನೋಡುವಾಗ ನಾವು ಘಟನೆಯ ಹೊರಗಿದ್ದೇವೆ, ಎಲ್ಲವೂ ಒಟ್ಟಿಗೆ ಕಾಣುತ್ತದೆ. ಈ ಚಿತ್ರದಲ್ಲಿ ನಾವು ನಾವಿಕರ ಹಿಂದೆ ನಿಂತಿದ್ದೇವೆ. ಅವರಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ. ಎಷ್ಟು ಹಡಗು ಮುಳುಗಿತು, ಇನ್ನೊಂದು ಅಲೆ ಬರುತ್ತದೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಯುದ್ಧದ ನಡುವೆ ಇರುವುದು ಎಂದರೆ ಹೀಗೆ ಅರ್ಧಂಬರ್ಧ ಕಾಣುವುದು. ದ್ವೀಪದ ಪೂರ್ವ ದಂಡೆಯ ಕನಿಯೋಹೆಯಲ್ಲಿ ತೆಗೆದ ಚಿತ್ರಗಳಲ್ಲೂ ಇದೇ ಕಾಣುತ್ತದೆ. ಅಲ್ಲಿದ್ದ 36 ಕ್ಯಾಟಲೀನಾ ಜಲವಿಮಾನಗಳಲ್ಲಿ ಮೂರು ಮಾತ್ರ ಹಾನಿಯಿಲ್ಲದೆ ಉಳಿದವು, ಆ ಹೊತ್ತಿಗೆ ಗಸ್ತಿಗೆ ಹೋಗಿದ್ದವು ಎಂಬ ಕಾರಣಕ್ಕೆ. ಚಿತ್ರವೊಂದರಲ್ಲಿ ನಾವಿಕರು ಉರಿಯುವ ಕ್ಯಾಟಲೀನಾ ಒಂದನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾರೆ.

ಈ ಕ್ಯಾಟಲೀನಾ ಬೆಂಗಳೂರಿಗೂ ಗೊತ್ತಿದ್ದ ವಿಮಾನ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ರಿಪೇರಿ ಕೇಂದ್ರವಾಯಿತು. ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ಮೇಲೆ. ಇಂದು ನೊರೆಗೆ ಹೆಸರಾದ ಕೆರೆ ಒಂದು ಕಾಲಕ್ಕೆ ಪೆಸಿಫಿಕ್ ಯುದ್ಧದ ಹಿತ್ತಿಲಾಗಿತ್ತು. ದೂರದ ಯುದ್ಧ ಎಂದುಕೊಳ್ಳುವುದು ಎಷ್ಟೋ ಸಲ ನಮ್ಮ ಮರೆವಿನ ಇನ್ನೊಂದು ಹೆಸರು.

ದಾಳಿಯನ್ನು ನೆನಪಿಡುವ ಬಗೆ ನಮ್ಮ ನೆಲದಲ್ಲಿ ಹಳೆಯದು. ಊರೂರಿನ ಬಯಲಲ್ಲಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳನ್ನು ನೋಡಿ. ತುರುಗಳನ್ನು ಹೊಡೆದುಕೊಂಡು ಹೋದಾಗ, ಊರಳಿವಿನಲ್ಲಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಬರಹವಿದ್ದರೆ ಅದರಲ್ಲಿ ಹೆಸರು ಇರುತ್ತದೆ. ಬೆಂಗಳೂರು ಎಂಬ ಊರಿನ ಹೆಸರು ನಮಗೆ ಮೊದಲು ಸಿಗುವುದೂ ಬೇಗೂರಿನಲ್ಲಿರುವ, ಸುಮಾರು 890ರ, ಕಾಳಗವೊಂದರಲ್ಲಿ ಸತ್ತವನ ಸ್ಮಾರಕದ ಬರಹದಲ್ಲಿ. ವೀರಗಲ್ಲನ್ನೂ ಸುಮ್ಮನೆ ಕೊಂಡಾಡಬೇಕಿಲ್ಲ. ಸತ್ತವನಿಗೆ ಸ್ವರ್ಗದ ಆಸೆ ತೋರಿಸಿ ಇನ್ನೊಬ್ಬನನ್ನು ಕಾಳಗಕ್ಕೆ ಕಳಿಸುವ ಕೆಲಸವನ್ನೂ ಅದು ಮಾಡಿದೆ. ಊರಳಿವಿನಲ್ಲಿ ನೊಂದ ಹೆಣ್ಣುಮಕ್ಕಳು, ಮುದುಕರು ಕಲ್ಲಿನ ಮೇಲೆ ಬರುವುದು ಅಪರೂಪ. ಆದರೂ ಕಲ್ಲು ಒಂದು ಮಾತು ಬಲ್ಲದು: ನೆನಪು ಶುರುವಾಗಬೇಕಾದದ್ದು ಸತ್ತವನು ಬಿದ್ದ ನೆಲದಿಂದ.

ರನ್ನನ ಗದಾಯುದ್ಧದಲ್ಲೂ ಇದೇ ನೆಲದ ನೋಟ ಇದೆ. ಅರಮನೆಯಲ್ಲಿ ಕೂತ ಧೃತರಾಷ್ಟ್ರನಿಗೆ ದೂರದ ಯುದ್ಧವನ್ನು ಕಣ್ಣಿಗೆ ಕಟ್ಟಿದಂತೆ ಹೇಳುವ ಸಂಜಯ ನಮಗೆಲ್ಲ ಗೊತ್ತು. ಅವನದು ಒಂದು ಬಗೆಯಲ್ಲಿ ವಿಮಾನದ ಕಣ್ಣು. ಆದರೆ ರನ್ನ ಅದೇ ಸಂಜಯನನ್ನು ದುರ್ಯೋಧನನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ದುರ್ಯೋಧನ ನಿಲ್ಲಬೇಕು, ಹೆಸರು ಹಿಡಿದು ಅಳಬೇಕು. ದಾರಿಯಲ್ಲಿ ಸಿಗುವ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಸಾಹಸವನ್ನು ಮೆಚ್ಚುತ್ತಾನೆ. ಎತ್ತರದಿಂದ ಎಣಿಸಬಹುದು. ನಡೆಯುವವನು ಎಣಿಸಲಾರ, ಎಡವುತ್ತಾನೆ. ಆ ಎಡವುವಿಕೆಯಿಂದಲೇ ಶತ್ರುವಿಗೂ ಒಂದು ಹೆಸರಿದೆ ಎಂಬ ಅರಿವು ಬರುತ್ತದೆ.

ನಕಲಿನ ನೆನಪು

ಪರ್ಲ್ ಹಾರ್ಬರಿನ ನೆನಪಿಗೆ ಇನ್ನೂ ಒಂದು ತೊಡಕಿದೆ. ನಾವು ದಾಳಿಯ ಚಲಚಿತ್ರ ಎಂದು ನೋಡಿರುವ ತುಣುಕುಗಳಲ್ಲಿ ಕೆಲವು ದಾಳಿಯದ್ದೇ ಅಲ್ಲ. ಜಾನ್ ಫೋರ್ಡ್ ಮತ್ತು ಗ್ರೆಗ್ ಟೋಲಂಡ್ ಅಮೆರಿಕದ ನೌಕಾಪಡೆಗಾಗಿ ಮಾಡಿದ 'ಡಿಸೆಂಬರ್ 7ತ್' ಚಿತ್ರದಲ್ಲಿ ಬಹಳಷ್ಟು ದೃಶ್ಯಗಳು ಮರುಸೃಷ್ಟಿ, ಮಾದರಿ ಹಡಗುಗಳನ್ನಿಟ್ಟು ತೆಗೆದವೂ ಸೇರಿದಂತೆ. ಅದರ ಕಿರು ಆವೃತ್ತಿಗೆ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಬಂತು. ಮುಂದೆ ಅದರ ತುಣುಕುಗಳು ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ನಿಜವಾದ ದಾಳಿಯ ದೃಶ್ಯಗಳೆಂಬಂತೆ ಬಳಕೆಯಾದವು. ಜಪಾನಿನಲ್ಲಿ ದಾಳಿಯ ಮೊದಲ ವರ್ಷದ ಹೊತ್ತಿಗೆ ಹವಾಯಿ ಮತ್ತು ಮಲಯದ ಕಡಲಯುದ್ಧದ ಮೇಲೆ ಒಂದು ಚಲಚಿತ್ರ ಬಂತು. ಅದಕ್ಕೆ ಬಂದರಿನ ಮಾದರಿ ಕಟ್ಟಿ ದಾಳಿಯನ್ನು ಮತ್ತೆ ತೋರಿಸಿದವರು ಎಯ್ಜಿ ತ್ಸುಬುರಾಯಾ, 1954ರಲ್ಲಿ ಗಾಡ್ಜಿಲ್ಲಾವನ್ನು ತೆರೆಗೆ ತಂದ ಅದೇ ಕೈಚಳಕದವರು.

ಎರಡೂ ದೇಶಗಳು ಒಂದೇ ಬೆಳಗನ್ನು ಆಟಿಕೆ ಹಡಗುಗಳಲ್ಲಿ ಮತ್ತೆ ಸುಟ್ಟವು, ಒಂದು ಹೆಮ್ಮೆಗಾಗಿ, ಇನ್ನೊಂದು ರೋಷಕ್ಕಾಗಿ. ಮೇಲಿನಿಂದ ನೋಡಿದ ನಿಜದ ಹಡಗೇ ಆಟಿಕೆಯಂತೆ ಕಾಣುವುದರಿಂದ ಆಟಿಕೆಯನ್ನು ನಿಜವೆಂದು ನಂಬಿಸುವುದು ಕಷ್ಟವಲ್ಲ. ಹೆಮ್ಮೆಯ ಲೆಕ್ಕದಿಂದ ಹೊರಬಿದ್ದವರೂ ಇದ್ದಾರೆ. ದಾಳಿಗೆ ಬಂದ ಐದು ಕಿರು ಜಲಾಂತರ್ಗಾಮಿಗಳಲ್ಲಿ ತಲಾ ಇಬ್ಬರಂತೆ ಹತ್ತು ಜನ ಇದ್ದರು. ಜಪಾನ್ ಒಂಬತ್ತು ಜನರನ್ನು ಮಾತ್ರ ಯುದ್ಧದೇವತೆಗಳೆಂದು ಸಾರಿತು. ಹತ್ತನೆಯ ಕಜುವೊ ಸಕಮಾಕಿ ಬದುಕುಳಿದು ಸೆರೆಸಿಕ್ಕಿದ್ದ. ಸಾಯದೇ ಇದ್ದ ತಪ್ಪಿಗೆ ಅವನು ಚಿತ್ರದಿಂದ ಮರೆಯಾದ.

ನನ್ನ ವಿದ್ಯಾರ್ಥಿ 'ಗೇಮ್ ಥರ' ಎಂದದ್ದು ಇಲ್ಲಿ ಮತ್ತೆ ನೆನಪಾಗುತ್ತದೆ. 2019ರ ಬಾಲಾಕೋಟ್ ದಾಳಿಯ ನಂತರವೂ 2025ರ ಮೇ ತಿಂಗಳ ಸಂಘರ್ಷದ ದಿನಗಳಲ್ಲೂ ವೀಡಿಯೊ ಗೇಮ್‌ನ ತುಣುಕುಗಳು ನಿಜವಾದ ದಾಳಿಯ ದೃಶ್ಯಗಳೆಂದು ನಮ್ಮ ಫೋನುಗಳಲ್ಲಿ ಓಡಾಡಿದವು. ಬಾಲಾಕೋಟ್ ವಿಷಯದಲ್ಲಿ ಉಪಗ್ರಹ ಚಿತ್ರದ ಛಾವಣಿಗಳನ್ನು ಹಿಡಿದು ತಿಂಗಳುಗಟ್ಟಲೆ ವಾದ ನಡೆಯಿತು. ಗಡಿಯ ಎರಡೂ ಬದಿಯಲ್ಲಿ ಸತ್ತ ಸಾಮಾನ್ಯರ ಹೆಸರುಗಳಿಗಿಂತ ಆ ಛಾವಣಿಗಳು ನಮಗೆ ಹೆಚ್ಚು ಪರಿಚಿತವಾದವು. ನಾನೂ ಅಂಥ ಒಂದು ವೀಡಿಯೊವನ್ನು ಮನೆಯ ಗುಂಪಿಗೆ ಕಳಿಸಿದ್ದೆ. ಸುಳ್ಳೆಂದು ಗೊತ್ತಾದ ಮೇಲೆ ಅಳಿಸಿದೆ. ನಾಚಿಕೆಯಾದದ್ದು ಅದು ಸುಳ್ಳಾಗಿತ್ತು ಎಂಬುದಕ್ಕೆ ಮಾತ್ರ. ಅದು ನಿಜವಾಗಿದ್ದರೆ ಏನನ್ನು ಹಂಚಿಕೊಂಡಂತಾಗುತ್ತಿತ್ತು ಎಂಬುದು ಹೊಳೆದದ್ದು ಬಹಳ ತಡವಾಗಿ.

ಎತ್ತರದ ಪರವಾಗಿ ಒಂದು ಮಾತು

ಇಷ್ಟು ಹೇಳಿ ವಿಮಾನಚಿತ್ರವನ್ನು ತಳ್ಳಿಹಾಕಿದರೆ ಅನ್ಯಾಯವಾದೀತು. ಯಾವ ನೌಕೆಗೆ ಮೊದಲು ಏಟು ಬಿತ್ತು, ಯಾವುದು ಎಷ್ಟು ವಾಲಿತ್ತು, ಅರಿಜೋನಾ ಆಗ ಹೇಗಿತ್ತು ಎಂಬುದನ್ನೆಲ್ಲ ಇತಿಹಾಸಕಾರರು ಬಿಡಿಸಿಕೊಂಡಿರುವುದು ಇಂಥ ಚಿತ್ರಗಳ ನೆರವಿನಿಂದಲೂ ಹೌದು. ಹೊಗೆಯ ನಡುವೆ ಓಡುತ್ತಿದ್ದವನ ನೆನಪು ಕೊಡಲಾರದ ಅನುಕ್ರಮವನ್ನು ಎತ್ತರ ಕೊಡುತ್ತದೆ. ಇನ್ನೊಂದು ಗುಣವೂ ಇದೆ. ಶತ್ರುವಿನ ಮುಖ ಕಾಣದ ಕಾರಣ ಮುಖದ ಮೇಲಿನ ದ್ವೇಷಕ್ಕೆ ಅದು ಸುಲಭವಾಗಿ ಒದಗುವುದಿಲ್ಲ.

ಆದರೆ ಎತ್ತರದ ಕಣ್ಣು ಯಾರ ಸ್ವತ್ತೂ ಅಲ್ಲ. ಮೂರು ವರ್ಷ ಮೂರು ತಿಂಗಳ ನಂತರ, 1945ರ ಮಾರ್ಚ್ 9-10ರ ರಾತ್ರಿ, ಅಮೆರಿಕದ ಬಿ-29 ವಿಮಾನಗಳು ಟೋಕಿಯೋದ ಮೇಲೆ ಬೆಂಕಿಬಾಂಬು ಸುರಿದವು. ಸತ್ತವರು ಸುಮಾರು ಒಂದು ಲಕ್ಷ, ಬಹುಪಾಲು ಸಾಮಾನ್ಯ ನಾಗರಿಕರು. ಅದರ ವಿಮಾನಚಿತ್ರಗಳೂ ಇವೆ: ಬೂದಿಬಣ್ಣದ ಬಯಲು, ನದಿ, ಅಲ್ಲಲ್ಲಿ ಉಳಿದ ಕಟ್ಟಡ. ನೆಲದ ಮೇಲೆ ಸುಟ್ಟ ದೇಹಗಳ ಚಿತ್ರ ತೆಗೆದವರು ಟೋಕಿಯೋ ಪೊಲೀಸ್ ಇಲಾಖೆಯ ಛಾಯಾಗ್ರಾಹಕ ಕೊಯೊ ಇಶಿಕಾವಾ. ಯುದ್ಧದ ನಂತರ ಆ ನೆಗೆಟಿವ್‌ಗಳನ್ನು ಒಪ್ಪಿಸಲು ಮನಸ್ಸಾಗದೆ ಅವರು ತಮ್ಮ ಹಿತ್ತಿಲಲ್ಲಿ ಹೂತಿಟ್ಟರು. ಮೇಲಿನ ಚಿತ್ರಗಳು ಕಡತ ಸೇರಿದವು, ನೆಲದ ಚಿತ್ರಗಳು ಮಣ್ಣು ಸೇರಿದವು. ಪರ್ಲ್ ಹಾರ್ಬರನ್ನು ಪ್ರತಿ ವರ್ಷ ನೆನೆಯುವ ಜಗತ್ತು ಟೋಕಿಯೋದ ಆ ರಾತ್ರಿಯನ್ನು ಅಷ್ಟಾಗಿ ನೆನೆಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೆಸರಿನ ಕಡೆಗೆ

ಆ ಬೆಳಿಗ್ಗೆ ಹವಾಯಿಯಲ್ಲಿ ಅಮೆರಿಕದ ಕಡೆ ಸತ್ತವರು 2,403 ಜನ. ಅವರಲ್ಲಿ 68 ಜನ ನಾಗರಿಕರು. ಹೊನಲುಲು ನಗರದ ಮೇಲೆ ಬಿದ್ದು ಸಿಡಿದವುಗಳಲ್ಲಿ ಬಹುಪಾಲು ಜಪಾನಿನ ಬಾಂಬುಗಳಲ್ಲ, ಅಮೆರಿಕದ ವಿಮಾನನಿರೋಧಕ ತೋಪುಗಳು ಹಾರಿಸಿದ ಗುಂಡುಗಳು. ಸತ್ತ ನಾಗರಿಕರಲ್ಲಿ ಜಪಾನಿ ಮೂಲದವರೂ ಇದ್ದರು. ಯಾವ ವಿಮಾನಚಿತ್ರವೂ ಈ ಸಂಗತಿಯನ್ನು ತೋರಿಸಲಾರದು.

ಇಂದು ಅರಿಜೋನಾದ ಮೇಲೆ ಒಂದು ಬಿಳಿಯ ಸ್ಮಾರಕವಿದೆ. 1962ರಲ್ಲಿ ಉದ್ಘಾಟನೆಯಾದದ್ದು. ಮುಳುಗಿದ ಹಡಗನ್ನು ಮುಟ್ಟದೆ, ಅದಕ್ಕೆ ಅಡ್ಡಲಾಗಿ ಸೇತುವೆಯಂತೆ ನಿಂತಿದೆ, ನಡುವೆ ಸ್ವಲ್ಪ ಕುಸಿದಂತೆ. ವಿನ್ಯಾಸ ಮಾಡಿದ ಆಲ್ಫ್ರೆಡ್ ಪ್ರೈಸ್ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಆಸ್ಟ್ರಿಯಾದವರು. ದಾಳಿಯ ನಂತರ 'ಶತ್ರುದೇಶದವನು' ಎಂದು ಇದೇ ಹವಾಯಿಯಲ್ಲಿ ಅವರನ್ನೂ ಬಂಧಿಸಿಡಲಾಗಿತ್ತು. ಸ್ಮಾರಕದ ಅತಿ ಹೆಚ್ಚು ಪ್ರಚಾರದಲ್ಲಿರುವ ಚಿತ್ರಗಳು ಮತ್ತೆ ಮೇಲಿನಿಂದ ತೆಗೆದವೇ. ನೀಲಿ ನೀರಿನಡಿ ಹಡಗಿನ ಆಕಾರ, ಮೇಲೆ ಬಿಳಿ ಪಟ್ಟಿ. ಅದೂ ಚೆನ್ನಾಗಿಯೇ ಇದೆ. ಆದರೆ ಸ್ಮಾರಕದ ಒಳಗೆ ಹೋದವರು ನಿಲ್ಲುವುದು 1,177 ಹೆಸರುಗಳನ್ನು ಕೆತ್ತಿದ ಗೋಡೆಯ ಮುಂದೆ. ಅದು ಮೇಲಿನಿಂದ ಕಾಣುವುದಿಲ್ಲ. ಅದರ ಮುಂದೆ ನಿಂತು ತಲೆ ಎತ್ತಿಯೇ ಓದಬೇಕು.

ಒಕ್ಲಹಾಮಾದಲ್ಲಿ ಸತ್ತವರು 429 ಜನ. ಅವರಲ್ಲಿ 388 ಜನರ ಗುರುತು ಹಿಡಿಯಲಾಗದೆ ಹೆಸರಿಲ್ಲದ ಗೋರಿಗಳಲ್ಲಿ ಹೂಳಲಾಗಿತ್ತು. 2015ರಲ್ಲಿ ಆ ಗೋರಿಗಳನ್ನು ತೆರೆದು ಡಿಎನ್ಎ ಪರೀಕ್ಷೆಯ ಮೂಲಕ ಒಬ್ಬೊಬ್ಬರನ್ನೇ ಗುರುತಿಸುವ ಕೆಲಸ ಶುರುವಾಯಿತು. ಆರು ವರ್ಷಗಳಲ್ಲಿ 350ಕ್ಕೂ ಹೆಚ್ಚು ಜನರಿಗೆ ಅವರ ಹೆಸರು ಮರಳಿ ಸಿಕ್ಕಿತು. ಒಂದು ವಿಮಾನದ ಕ್ಯಾಮೆರಾ ಕ್ಷಣದಲ್ಲಿ ಒಂದೇ ಚೌಕಟ್ಟಿಗೆ ತುಂಬಿಸಿದ್ದನ್ನು ಬಿಡಿಬಿಡಿಯಾಗಿ ಬೇರ್ಪಡಿಸಲು ಹತ್ತಿರ ಹತ್ತಿರ ಎಂಬತ್ತು ವರ್ಷ ಬೇಕಾಯಿತು.

ಮುಂದಿನ ಸಲ ತರಗತಿಯಲ್ಲಿ ಆ ಚಿತ್ರ ತೋರಿಸುವಾಗ ಅದರ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು ಎಂದುಕೊಂಡಿದ್ದೇನೆ. ದಾಳಿಯ ಮರುದಿನ ಕನಿಯೋಹೆಯಲ್ಲಿ ಸತ್ತವರನ್ನು ಕಡಲದಂಡೆಯ ಮರಳಿನಲ್ಲಿ ಹೂಳಲಾಯಿತು. ಕೆಲವು ತಿಂಗಳ ನಂತರ ತೆಗೆದ ಚಿತ್ರವೊಂದರಲ್ಲಿ ನಾವಿಕರು ಆ ಗೋರಿಗಳಿಗೆ ಹವಾಯಿಯ ಪದ್ಧತಿಯಂತೆ ಹೂಹಾರ ಹಾಕುತ್ತಿದ್ದಾರೆ. ಹಿಂದೆ ಅಲೆ ಬಂದು ಬಡಿಯುತ್ತಿದೆ. ಅದನ್ನು ತೆಗೆದವನು ನೆಲದ ಮೇಲೆ ನಿಂತಿದ್ದ. ಎರಡನ್ನೂ ಜೊತೆಗಿಟ್ಟು ಹುಡುಗರನ್ನು ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ: ಏನು ಕಾಣುತ್ತದೆ? ಈ ಸಲ ಯಾರಾದರೂ ಹಡಗುಗಳ ಬದಲು ಗೋರಿಗಳನ್ನು ಎಣಿಸಬಹುದು. ಎಣಿಸುತ್ತಾ ಹೋಗಿ, ಇವರೆಲ್ಲ ಯಾರು ಮೇಡಂ, ಎಂದು ಕೇಳಲೂಬಹುದು.